ಹೊಲಿಗೆಯ ಒಳಗೆ ಬೆರಳು ಹಾಕಿ ನೋಡಿ: ಹಳೆ ಕಿಮೊನೊದ ನೇಯ್ಗೆ ಬಟ್ಟೆ ಆರಿಸುವುದು, ಬಿಚ್ಚುವುದು, ಒಗೆಯುವುದು

ಕ್ಯೋಟೋದಲ್ಲಿ ಪ್ರತಿ ತಿಂಗಳು 21ಕ್ಕೆ ತೋಜಿ ದೇವಾಲಯದಲ್ಲಿ ಸಂತೆ ಸೇರುತ್ತದೆ. 25ಕ್ಕೆ ಕಿತಾನೋ ತೆನ್‌ಮಾಂಗು ಗುಡಿಯಲ್ಲಿ. ಎರಡೂ ಕಡೆ ಹಳೆ ಕಿಮೊನೊಗಳನ್ನು ರಾಶಿ ಹಾಕಿ ಮಾರುತ್ತಾರೆ. ನಾನು ಈ ಊರಿಗೆ ಬಂದು ಒಂಬತ್ತು ವರ್ಷವಾಯಿತು, ಈ ಸಂತೆಗಳನ್ನು ತಪ್ಪಿಸಿದ್ದು ಕಡಿಮೆ. ಹೋಗುವುದು ಕಿಮೊನೊ ಉಡಬೇಕು ಅಂತಲ್ಲ, ಅದರ ಬಟ್ಟೆಗಾಗಿ. ತಂದು ಬಿಚ್ಚುತ್ತೇನೆ, ಒಗೆಯುತ್ತೇನೆ, ಜಾಕೆಟ್ಟು, ಚೀಲ, ದಿಂಬಿನ ಕವರು ಹೊಲಿಯುತ್ತೇನೆ. ಹೊಸದಾಗಿ ಬಂದ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: ಇಷ್ಟು ದೊಡ್ಡ ರಾಶಿಯಲ್ಲಿ ಒಳ್ಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ?

ಮೊದಲ ವರ್ಷ ನನಗೂ ಗೊತ್ತಾಗುತ್ತಿರಲಿಲ್ಲ. ಬಣ್ಣ ನೋಡಿ ಕೊಳ್ಳುತ್ತಿದ್ದೆ. ಒಂದು ಅಂಗಡಿಯಲ್ಲಿ ಕಪ್ಪು ಮಿಶ್ರಿತ ಕಂದು ಬಣ್ಣದ, ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳ ಕಿಮೊನೊ ತೋರಿಸಿ, ಇದು ಓಶಿಮಾ ತ್ಸುಮುಗಿ, ಅಮಾಮಿ ಓಶಿಮಾ ದ್ವೀಪದ ರೇಷ್ಮೆ ನೇಯ್ಗೆ, ಅಂದರು. 18,000 ಯೆನ್ ಕೊಟ್ಟು ತಂದೆ. ಆಗ ನನಗೆ ಹೊಲಿಗೆ ಕಲಿಸುತ್ತಿದ್ದ ಸೆನ್ಸೇ ಅದನ್ನು ಕೈಗೆ ತೆಗೆದುಕೊಂಡು, ತೋಳಿನ ತುದಿಯಲ್ಲಿ ನಾಲ್ಕು ಹೊಲಿಗೆ ಕತ್ತರಿಸಿ, ಬಟ್ಟೆಯ ಹಿಂಬದಿ ತಿರುಗಿಸಿ ನನ್ನ ಮುಂದೆ ಹಿಡಿದರು. ಹಿಂದೆ ಮಾಸಲು ಬೂದು ಬಣ್ಣ. ಚುಕ್ಕೆಗಳು ಅಲ್ಲೊಂದು ಇಲ್ಲೊಂದು ತೆಳುವಾಗಿ ಕಾಣುತ್ತಿದ್ದವು. ಅದು ನೇಯ್ದ ವಿನ್ಯಾಸ ಅಲ್ಲವೇ ಅಲ್ಲ, ಮೇಲಿಂದ ಅಚ್ಚು ಹಾಕಿದ್ದು. ನನಗೆ ತುಂಬಾ ಬೇಜಾರಾಯಿತು. ಆದರೆ ಅವರು ಅವತ್ತು ಕಲಿಸಿದ್ದನ್ನೇ ಇವತ್ತಿಗೂ ಮೊದಲು ಮಾಡುತ್ತೇನೆ. ಹೊಲಿಗೆಯ ಒಳಗೆ ಬೆರಳು ಹಾಕುತ್ತೇನೆ.

ಮೊದಲು ಇದೊಂದು ಗೊತ್ತಿರಲಿ

ಕಿಮೊನೊ ಅಂದರೆ ಕತ್ತರಿಸಿ ಆಕಾರ ಕೊಟ್ಟ ಬಟ್ಟೆಯಲ್ಲ. ಸುಮಾರು 36ರಿಂದ 38 ಸೆಂಟಿಮೀಟರ್ ಅಗಲ, 12 ಮೀಟರಿಗೆ ಸ್ವಲ್ಪ ಜಾಸ್ತಿ ಉದ್ದದ ಒಂದೇ ಸುರುಳಿಯನ್ನು ನೇರವಾಗಿ ಎಂಟು ತುಂಡು ಮಾಡಿ ಕೈಯಲ್ಲಿ ಹೊಲಿದಿರುತ್ತಾರೆ. ಆ ಸುರುಳಿಗೆ ತನ್‌ಮೊನೊ ಅನ್ನುತ್ತಾರೆ. ಮೈಗೆ ಎರಡು ಉದ್ದ ಪಟ್ಟಿ, ಎರಡು ತೋಳು, ಮುಂಭಾಗಕ್ಕೆ ಸೇರಿಸುವ ಎರಡು ಸಣ್ಣ ಪಟ್ಟಿ, ಒಂದು ಕಾಲರು, ಕಾಲರಿನ ಮೇಲೆ ಕೂರುವ ಇನ್ನೊಂದು ತುಂಡು. ಅಷ್ಟೇ. ಕತ್ತಿನ ಹತ್ತಿರ ಒಂದು ಸೀಳು ಬಿಟ್ಟರೆ ಎಲ್ಲವೂ ಆಯತ. ಬಿಚ್ಚಿ ಸಾಲಾಗಿ ಜೋಡಿಸಿದರೆ ಮತ್ತೆ ಅದೇ ಸುರುಳಿ ಸಿಗುತ್ತದೆ.

ಇದು ಯಾರೋ ಹುಡುಕಿದ ಉಪಾಯವಲ್ಲ, ಕಿಮೊನೊವನ್ನು ಹೊಲಿಯುವುದೇ ಮುಂದೆ ಬಿಚ್ಚಲಿ ಅಂತ. ಹಿಂದೆ ಮನೆಗಳಲ್ಲಿ ಕಿಮೊನೊ ಬಿಚ್ಚಿ, ಪಟ್ಟಿಗಳನ್ನು ಮತ್ತೆ ಉದ್ದಕ್ಕೆ ಜೋಡಿಸಿ, ಒಗೆದು, ಗಂಜಿ ಹಾಕಿ, ಹಲಗೆಗೆ ಅಂಟಿಸಿಯೋ ಬಿದಿರು ಕಡ್ಡಿಗಳಿಂದ ಎಳೆದು ಕಟ್ಟಿಯೋ ಒಣಗಿಸುತ್ತಿದ್ದರು. ಆಮೇಲೆ ಮತ್ತೆ ಹೊಲಿಗೆ. ಈ ಕೆಲಸಕ್ಕೆ ಅರಾಯ್‌ಹಾರಿ ಅಂತ ಹೆಸರು. ಈಗಲೂ ಮಾಡಿಕೊಡುವವರು ಇದ್ದಾರೆ. ಹಾಗಾಗಿ ಹಳೆ ಕಿಮೊನೊ ಬಿಚ್ಚುವಾಗ ಏನೋ ಹಾಳು ಮಾಡುತ್ತಿದ್ದೇನೆ ಅಂತ ಅಳುಕಬೇಡಿ.

ನೇಯ್ದದ್ದೋ, ಬಣ್ಣ ಹಾಕಿದ್ದೋ

ಕಿಮೊನೊ ಬಟ್ಟೆಯಲ್ಲಿ ಎರಡು ದೊಡ್ಡ ದಾರಿಗಳಿವೆ. ಬಿಳಿ ಬಟ್ಟೆ ನೇಯ್ದು ಆಮೇಲೆ ಬಣ್ಣ, ಚಿತ್ರ ಹಾಕುವುದು ಸೊಮೆ. ನೂಲಿಗೆ ಮೊದಲು ಬಣ್ಣ ಹಾಕಿ ಆಮೇಲೆ ನೇಯುವುದು ಓರಿ. ನಾನು ಇಲ್ಲಿ ಹೇಳುತ್ತಿರುವುದು ಓರಿ ಬಗ್ಗೆ.

ಅಡಿ ಅಂಚಿನ ಹತ್ತಿರ ಅಥವಾ ತೋಳಿನ ಒಳಗೆ ಬೆರಳು ತೂರಿಸಿ ಹಿಂಬದಿ ನೋಡಿ. ನೂಲಿಗೇ ಬಣ್ಣ ಹಾಕಿದ್ದರೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಆಮೇಲೆ ಭೂತಗನ್ನಡಿ ಹಿಡಿಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಜೇಬಿನಲ್ಲಿ ಹಿಡಿಯುವ ಗಾಜು ಸಾಕು. ಒಂದೇ ಎಳೆಯನ್ನು ಹಿಡಿದು ಅದರ ಜೊತೆಗೇ ಕಣ್ಣು ಓಡಿಸಿ. ನೂಲಿಗೆ ಅಲ್ಲಲ್ಲಿ ಬಣ್ಣ ತಾಗದಂತೆ ಬಿಗಿದು ಬಣ್ಣ ಹಾಕುವ ಇಕ್ಕತ್ ಥರದ ನೇಯ್ಗೆಯಾದರೆ ಆ ಎಳೆ ಹೋಗುತ್ತಾ ಹೋಗುತ್ತಾ ಬಣ್ಣ ಬದಲಿಸುತ್ತದೆ, ಬದಲಾಗುವ ಕಡೆ ಸ್ವಲ್ಪ ಮಸುಕಾಗಿರುತ್ತದೆ. ಜಪಾನಿನಲ್ಲಿ ಇದಕ್ಕೆ ಕಸೂರಿ ಅನ್ನುತ್ತಾರೆ. ಅಚ್ಚು ಹಾಕಿದ್ದಾದರೆ ಬಣ್ಣ ಎಳೆಗಳ ಮೇಲ್ಭಾಗದಲ್ಲಿ ಮಾತ್ರ ಕೂತಿರುತ್ತದೆ. ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಒಂದರ ಮೇಲೊಂದು ಹೋಗುವಲ್ಲಿ, ಅಡಿಗೆ ಸಿಕ್ಕ ಎಳೆ ಪೇಲವವಾಗಿರುತ್ತದೆ.

ಇನ್ನೊಂದು ಮಾತು. ನೇಯ್ಗೆಯ ಕಿಮೊನೊ ಎಷ್ಟೇ ದುಬಾರಿಯಾದರೂ ಜಪಾನಿನಲ್ಲಿ ಅದು ದಿನಬಳಕೆಯ, ಓಡಾಟದ ಉಡುಪು ಅಂತಲೇ ಲೆಕ್ಕ. ಲಕ್ಷಾಂತರ ಯೆನ್ ಬೆಲೆಯ ಓಶಿಮಾ ಉಟ್ಟು ಮದುವೆಗೆ ಹೋಗುವುದಿಲ್ಲ. ಹಾಗಾಗಿ ಸಂತೆಯಲ್ಲಿ ಕಣ್ಣಿಗೆ ಕೋರೈಸುವ ಹೂವಿನ ಕಿಮೊನೊ ಮೇಲೆ ತೂಗುತ್ತಿರುತ್ತದೆ, ಒಳ್ಳೆಯ ನೇಯ್ಗೆ ಕಂದು, ಬೂದು, ಗಾಢ ನೀಲಿಯಾಗಿ ರಾಶಿಯ ಅಡಿಯಲ್ಲಿ ಮುದುಡಿಕೊಂಡಿರುತ್ತದೆ. ಅಡಿಗೆ ಕೈ ಹಾಕಿ.

ಕೈಗೆ ಸಿಗುವ ಬಟ್ಟೆಗಳು

ಓಶಿಮಾ ತ್ಸುಮುಗಿ ಮೊದಲು, ಯಾಕೆಂದರೆ ನಾನು ಅತಿ ಹೆಚ್ಚು ಬಿಚ್ಚಿರುವುದು ಇದನ್ನೇ. ಇದು ದಕ್ಷಿಣದ ಅಮಾಮಿ ಓಶಿಮಾ ದ್ವೀಪದ್ದು, ಕಾಗೋಶಿಮಾ ಪ್ರಾಂತ್ಯಕ್ಕೆ ಸೇರಿದ್ದು. ಶಾರಿನ್‌ಬಾಯ್ ಅನ್ನುವ ಮರದ ಚಕ್ಕೆ ಕುದಿಸಿ, ಆ ರಸದಲ್ಲಿ ರೇಷ್ಮೆ ನೂಲನ್ನು ಮತ್ತೆ ಮತ್ತೆ ಅದ್ದುತ್ತಾರೆ. ಆಮೇಲೆ ಕಬ್ಬಿಣದ ಅಂಶ ಇರುವ ಕೆಸರಿನ ಹೊಂಡಕ್ಕೆ ಇಳಿದು ಅದೇ ನೂಲನ್ನು ಕೆಸರಲ್ಲಿ ನೆನೆಸುತ್ತಾರೆ. ಮರದ ಒಗರು, ಕೆಸರಿನ ಕಬ್ಬಿಣ ಸೇರಿ ಆ ಕಪ್ಪು-ಕಂದು ಬರುತ್ತದೆ. ವಿನ್ಯಾಸ ಬರುವುದು ಇನ್ನೂ ಸೋಜಿಗ. ನೂಲಿನ ಕಟ್ಟುಗಳನ್ನು ಹತ್ತಿಯ ದಾರದ ಜೊತೆ ಮಗ್ಗದಲ್ಲಿ ಬಿಗಿಯಾಗಿ ಚಾಪೆಯಂತೆ ನೇಯುತ್ತಾರೆ. ಹತ್ತಿ ಬಿಗಿದ ಕಡೆ ಬಣ್ಣ ಇಳಿಯುವುದಿಲ್ಲ. ಬಣ್ಣವಾದ ಮೇಲೆ ಆ ಚಾಪೆಯನ್ನು ಬಿಚ್ಚಿ, ನೂಲನ್ನು ಮತ್ತೆ ನಿಜವಾದ ಮಗ್ಗಕ್ಕೆ ಏರಿಸುತ್ತಾರೆ. ಓಶಿಮಾವನ್ನು ಎರಡು ಸಲ ನೇಯುತ್ತಾರೆ ಅನ್ನುವುದು ಅದಕ್ಕೇ. ಸ್ವಲ್ಪ ನೇಯ್ದು ನಿಲ್ಲಿಸಿ, ಸೂಜಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ, ಹಾಸಿನ ಚುಕ್ಕೆ ಮತ್ತು ಹೊಕ್ಕಿನ ಚುಕ್ಕೆಯನ್ನು ಕೂಡಿಸುತ್ತಾರೆ.

ಮುಟ್ಟಿದರೆ ಓಶಿಮಾ ತೆಳು, ನುಣುಪು, ತಣ್ಣಗೆ. ತ್ಸುಮುಗಿ ಅಂದರೆ ಕೈಯಲ್ಲಿ ನೂತ ರೇಷ್ಮೆ ನೂಲಿನ ಬಟ್ಟೆ. ಹೆಸರಲ್ಲಿ ಅದು ಇದ್ದರೂ ಈಗಿನ ಓಶಿಮಾದಲ್ಲಿ ಕೈಯಲ್ಲಿ ನೂತ ಒರಟು ನೂಲು ಇರುವುದಿಲ್ಲ, ಗೂಡಿನಿಂದ ನೇರವಾಗಿ ತೆಗೆದ ನುಣುಪು ನೂಲು. ಮಡಚಿ ಮುಷ್ಟಿಯಲ್ಲಿ ಹಿಡಿದರೆ ಮೆಲ್ಲಗೆ ಕಿರುಗುಟ್ಟುತ್ತದೆ. ಬಿಟ್ಟರೆ ಸುಕ್ಕು ನಿಲ್ಲುವುದಿಲ್ಲ. ಸುರುಳಿಯ ತುದಿಯಲ್ಲಿ ಅಂಟಿಸುವ ಗುರುತಿನ ಚೀಟಿಗೆ ಶೋಶಿ ಅನ್ನುತ್ತಾರೆ. ಅದರಲ್ಲಿ ಭೂಗೋಳದ ಚಿತ್ರ ಇದ್ದರೆ ಅಮಾಮಿಯದ್ದು, ಬಾವುಟ ಇದ್ದರೆ ಕಾಗೋಶಿಮಾ ನಗರದ ಕಡೆಯದ್ದು. ಕಿಮೊನೊ ಜೊತೆ ಚೀಟಿ ಕೊಟ್ಟರೆ ಸಂತೋಷ, ಆದರೆ ಬಟ್ಟೆಯನ್ನೂ ನೋಡಿ. ಚೀಟಿ ಒಂದು ಬಟ್ಟೆಯದ್ದು, ಬಟ್ಟೆ ಇನ್ನೊಂದು ಆಗಿರಬಹುದು.

ಯೂಕಿ ತ್ಸುಮುಗಿ ಇದಕ್ಕೆ ಪೂರ್ತಿ ವಿರುದ್ಧ. ಇಬಾರಾಕಿಯ ಯೂಕಿ, ತೊಚಿಗಿಯ ಓಯಾಮಾ ಸುತ್ತಲಿನದು. ರೇಷ್ಮೆ ಗೂಡುಗಳನ್ನು ಬೇಯಿಸಿ, ಬಿಡಿಸಿ, ಹತ್ತಿಯಂತೆ ಹರಡಿ ಒಣಗಿಸಿದ್ದು ಮವಾತಾ. ಅದರಿಂದ ಬೆರಳಲ್ಲಿ ನೂಲು ಎಳೆಯುತ್ತಾರೆ, ಹುರಿ ಹಾಕುವುದಿಲ್ಲ. ಹುರಿ ಇಲ್ಲದ ನೂಲಿನಲ್ಲಿ ಗಾಳಿ ಇರುತ್ತದೆ, ಅದಕ್ಕೇ ಬಟ್ಟೆ ಹಗುರ, ಬೆಚ್ಚಗೆ. ನೇಯುವಾಗ ಹಾಸನ್ನು ನೇಯುವವರ ಸೊಂಟಕ್ಕೆ ಕಟ್ಟಿರುತ್ತಾರೆ, ಬಿಗಿ ಸಡಿಲ ಎಲ್ಲ ಮೈಯಿಂದಲೇ. 2010ರಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿತು. ಹೊಸದರಲ್ಲಿ ಗಂಜಿಯಿಂದ ಬಿರುಸಾಗಿರುತ್ತದೆ. ಉಟ್ಟು ಒಗೆದಷ್ಟೂ ಮೃದುವಾಗುತ್ತದೆ. ನೀವು ಹಳೆಯ ಯೂಕಿಯನ್ನು ಕೆನ್ನೆಗೆ ಒತ್ತಿಕೊಂಡು ನೋಡಬೇಕು. ಹಾಗೆ ಇನ್ನೊಂದು ಬಟ್ಟೆ ನನಗೆ ಸಿಕ್ಕಿಲ್ಲ. ಬೆಳಕಿಗೆ ಹಿಡಿದರೆ ಮೇಲೆ ಸಣ್ಣ ನವಿರು ಕಾಣುತ್ತದೆ, ಎಳೆ ಕೆಲವು ಕಡೆ ದಪ್ಪ, ಕೆಲವು ಕಡೆ ಸಣ್ಣ.

ನಿಶಿಜಿನ್ ಅಂದರೆ ಕ್ಯೋಟೋದ್ದೇ, ಕಿತಾನೋ ಗುಡಿಗೆ ಹತ್ತಿರದ ಬಡಾವಣೆ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮದ ಸೈನ್ಯ ಬೀಡು ಬಿಟ್ಟ ಜಾಗ, ಹೆಸರಿನ ಅರ್ಥವೂ ಪಶ್ಚಿಮದ ಶಿಬಿರ ಅಂತಲೇ. ಇಲ್ಲಿ ಕಿಮೊನೊಗಿಂತ ಸೊಂಟಪಟ್ಟಿ, ಅಂದರೆ ಓಬಿ, ಜಾಸ್ತಿ. ಚಿನ್ನದ ನೂಲು ಇದ್ದರೆ ಗಮನವಿಟ್ಟು ನೋಡಿ. ಹಿಕಿಬಾಕು ಅನ್ನುವ ಬಗೆಯಲ್ಲಿ ಕಾಗದದ ಮೇಲೆ ಚಿನ್ನದ ರೇಕು ಅಂಟಿಸಿ, ಅದನ್ನು ನೂಲಿನಷ್ಟು ಸಣ್ಣಗೆ ಕತ್ತರಿಸಿ, ಒಂದೊಂದಾಗಿ ಹೊಕ್ಕಿಗೆ ಸೇರಿಸಿರುತ್ತಾರೆ. ಒಳಗೆ ಇರುವುದು ಕಾಗದ. ನೀರು ಮುಟ್ಟಿಸಬಾರದು.

ಕುರುಮೆ ಗಸೂರಿ ಹತ್ತಿಯ ಕಸೂರಿ, ನೀಲಿಯಲ್ಲಿ ಬಿಳಿ. ಫುಕುವೊಕಾದ ಕುರುಮೆಯಲ್ಲಿ ಇನೊಉಎ ದೆನ್ ಅನ್ನುವ ಹುಡುಗಿ, ಹಳೆ ಬಟ್ಟೆಯಲ್ಲಿ ಬಣ್ಣ ಹೋಗಿ ಬಿಳಿ ಚುಕ್ಕೆಯಾದದ್ದನ್ನು ಕಂಡು, ಅದನ್ನು ಬಿಚ್ಚಿ ನೋಡಿ, ಈ ಬಗೆ ಕಂಡುಕೊಂಡಳು ಅಂತ ಅಲ್ಲಿ ಹೇಳುತ್ತಾರೆ. ಆಗ ಅವಳಿಗೆ ಹನ್ನೆರಡು ಹದಿಮೂರು ವರ್ಷ. ಹೊಲಿಗೆ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ: ಗಟ್ಟಿ, ನೀರಿಗೆ ಹೆದರುವುದಿಲ್ಲ, ಕೈಯಿಂದ ಜಾರುವುದಿಲ್ಲ.

ಬೇಸಿಗೆಯ ಬಟ್ಟೆಗಳಲ್ಲಿ ನೀಗಾತಾದ ಓಜಿಯಾ ಚಿಜಿಮಿ ಸಿಕ್ಕರೆ ಬಿಡಬೇಡಿ. ರೇಮಿ ಅನ್ನುವ ಗಿಡದ ನಾರಿನದು, ಮೇಲೆ ಸಣ್ಣ ಸುಕ್ಕು, ಮೈಗೆ ಅಂಟುವುದಿಲ್ಲ. ಅದನ್ನು ಹಿಮದ ಮೇಲೆ ಹಾಸಿ ಬಿಸಿಲಿಗೆ ಬಿಳುಪು ಮಾಡುತ್ತಾರೆ.

ಮೆಯ್ಸೆನ್ ಬಗ್ಗೆ ಮಾತ್ರ ಎಚ್ಚರಿಕೆ. ಇಸೆಸಾಕಿ, ಚಿಚಿಬು, ಅಶಿಕಾಗಾ ಕಡೆಯ ಈ ರೇಷ್ಮೆ 1920, 30ರ ದಶಕಗಳಲ್ಲಿ ಹೆಂಗಸರ ಅಚ್ಚುಮೆಚ್ಚು. ದೊಡ್ಡ ಗುಲಾಬಿ, ಮಿಂಚಿನ ಗೆರೆ, ನೇರಳೆಯ ಪಕ್ಕ ಹಸಿರು. ಹಾಸಿನ ನೂಲಿಗೇ ಅಚ್ಚು ಹಾಕಿ ನೇಯ್ದಿರುವುದರಿಂದ ಎರಡೂ ಬದಿ ಒಂದೇ ಥರ. ನೋಡಲು ಎಷ್ಟು ಚೆಂದವೋ ಈಗ ಅಷ್ಟೇ ದುರ್ಬಲ, ಎಷ್ಟೋ ಸಲ ಮಡಿಕೆಯಲ್ಲೇ ಸೀಳಿರುತ್ತದೆ. ಗೋಡೆಗೆ ತೂಗುಹಾಕಲು ತನ್ನಿ. ಜಾಕೆಟ್ ಹೊಲಿಯಲು ಬೇಡ.

ಬಟ್ಟೆಯ ಜೀವ ಪರೀಕ್ಷಿಸುವುದು

ಬಣ್ಣ ಒಪ್ಪಿತು, ನೇಯ್ಗೆ ಅಂತ ಖಚಿತವಾಯಿತು. ಈಗ ಮಾರುವವರನ್ನು ಕೇಳಿ, ಬೆಳಕಿಗೆ ಹೋಗಿ. ಬೆನ್ನ ಕೆಳಗೆ ಕೂರುವ ಜಾಗ, ಮೊಣಕಾಲಿನ ಜಾಗ, ತೋಳಿನ ಬಾಯಿ, ಕಾಲರು, ಈ ನಾಲ್ಕು ಕಡೆ ಬಟ್ಟೆ ಮೊದಲು ಸವೆಯುತ್ತದೆ. ಸೂರ್ಯನಿಗೆ ಹಿಡಿದಾಗ ಅಲ್ಲಿ ಎಳೆಗಳು ಸರಿದು ಗೆರೆ ಗೆರೆಯಾಗಿ ಬೆಳಕು ಕಂಡರೆ ಅಲ್ಲಿಗೆ ಬಿಡಿ.

ಎರಡು ಹೆಬ್ಬೆರಳುಗಳ ನಡುವೆ ಎರಡು ಸೆಂಟಿಮೀಟರ್ ಬಟ್ಟೆ ಹಿಡಿದು, ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಮೆತ್ತಗೆ ಎಳೆಯಿರಿ. ಜೋರು ಬೇಡ, ಅದು ಇನ್ನೂ ನಿಮ್ಮದಲ್ಲ. ಚೆನ್ನಾಗಿರುವ ರೇಷ್ಮೆ ಬೆರಳಿಗೆ ತಿರುಗಿ ಎಳೆಯುತ್ತದೆ. ಜೀವ ಹೋದದ್ದು ಸುಮ್ನೆ ಬಿಟ್ಟುಕೊಡುತ್ತದೆ, ಒಣ ಎಲೆಯಂಥ ಸಣ್ಣ ಸದ್ದು ಬರುತ್ತದೆ. ಕಪ್ಪು ರೇಷ್ಮೆಯಲ್ಲಿ ಇದನ್ನು ತಪ್ಪದೆ ಮಾಡಿ. ಕಬ್ಬಿಣ ಬೆರೆತ ಬಣ್ಣ ಕಾಲ ಕಳೆದಂತೆ ಎಳೆಯನ್ನು ತಿನ್ನುವುದುಂಟು.

ಲೈನಿಂಗ್ ಕೆಂಪಗಿದೆಯಾ ನೋಡಿ. ಹೆಂಗಸರ ಹಳೆ ಕಿಮೊನೊದಲ್ಲಿ ಮೋಮಿ ಅನ್ನುವ ಕೆಂಪು ರೇಷ್ಮೆ ಒಳಗಿರುತ್ತದೆ. ನೀರು ತಾಗಿದರೆ ಬಣ್ಣ ಬಿಡುತ್ತದೆ. ಕೊಳ್ಳಬೇಡಿ ಅಂತಲ್ಲ, ಬಿಚ್ಚುವ ಮೊದಲು ಒಂದು ಹನಿಯನ್ನೂ ತಾಗಿಸಬೇಡಿ ಅಂತ.

ರೇಷ್ಮೆಯೋ ಅಲ್ಲವೋ ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಹೊಲಿಗೆಯ ಒಳಗಿನ ಎರಡು ಎಳೆ ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆರಳಲ್ಲಿ ಪುಡಿಯಾಗುವ ಬೂದಿ ಬಿಡುತ್ತದೆ. ರೇಯಾನ್ ಕಾಗದದ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಿಚ್ಚುವುದು

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು. ಒಂದು ಸಣ್ಣ ಚೂಪು ಕತ್ತರಿ, ಒಂದು ದಪ್ಪ ಸೂಜಿ, ನೆಲಕ್ಕೆ ಬಿಳಿ ಹಾಳೆ. ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಅಡಿ ಅಂಚಿನ ಲೈನಿಂಗ್, ಮುಂಭಾಗದ ಸಣ್ಣ ಪಟ್ಟಿಗಳು, ಪಕ್ಕಗಳು, ಕೊನೆಗೆ ಬೆನ್ನಿನ ನಡುವಿನ ಹೊಲಿಗೆ. ರೇಷ್ಮೆಯನ್ನು ರೇಷ್ಮೆ ದಾರದಲ್ಲೇ ಹೊಲಿದಿರುತ್ತಾರೆ. ನಾಲ್ಕೈದು ಹೊಲಿಗೆಗೊಮ್ಮೆ ದಾರ ಕತ್ತರಿಸಿ, ಸೂಜಿಯಿಂದ ಎತ್ತಿ ತೆಗೆಯಿರಿ. ಸರ್ರನೆ ಎಳೆಯಬೇಡಿ. ಎಳೆದರೆ ದಾರ ಬಟ್ಟೆಯ ಎಳೆಯನ್ನೂ ಜೊತೆಗೆ ಒಯ್ಯುತ್ತದೆ.

ಕಳೆದ ಚಳಿಗಾಲದಲ್ಲಿ ಬಿಚ್ಚಿದ ಒಂದು ಓಶಿಮಾ ಬಗ್ಗೆ ಹೇಳುತ್ತೇನೆ. ಹೊರಗೆ ಅದು ಬೂದಿ ಬೆರೆಸಿದ ಕಂದು. ಬೆನ್ನಿನ ಹೊಲಿಗೆ ತೆರೆದಾಗ ಒಳಗಿನ ಒಂದು ಬೆರಳಷ್ಟು ಅಗಲದಲ್ಲಿ ಬಿಸಿಲು ಕಾಣದ ಬಣ್ಣ ಇತ್ತು. ಕಪ್ಪಗೆ, ಒದ್ದೆ ಮಣ್ಣಿನ ಹಾಗೆ ಹೊಳೆಯುತ್ತಿತ್ತು. ಅಡಿಯ ಮೂಲೆಯಲ್ಲಿ ಮಡಿಕೆಯೊಳಗೆ ಹೆಸರುಕಾಳಿನಷ್ಟು ದೂಳಿನ ಉಂಡೆ. ತೋಳಿನ ಬಾಯಿಯಲ್ಲಿ ಯಾರೋ ಹೊಲಿಗೆಯನ್ನು ಒಮ್ಮೆ ಬಿಚ್ಚಿ, ಸವೆದ ಅಂಚನ್ನು ಒಳಗೆ ಮಡಿಸಿ, ಮತ್ತೆ ಹೊಲಿದಿದ್ದರು. ಎರಡನೇ ಹೊಲಿಗೆ ಮೊದಲಿನದಕ್ಕಿಂತ ಸಣ್ಣದು, ಒಂದೊಂದು ಹೊಲಿಗೆ ಎರಡು ಮಿಲಿಮೀಟರ್ ಇದ್ದೀತು. ಅದನ್ನು ಕತ್ತರಿಸುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮುಂದೆ ಬಟ್ಟೆ ಹೊಲಿದಾಗ ಹಿಂಬದಿಯನ್ನೇ ಹೊರಗೆ ಮಾಡಿದೆ. ಎರಡೂ ಬದಿ ಒಂದೇ ಥರ ನೇಯ್ದ ಬಟ್ಟೆಯ ಲಾಭ ಇದೇ ಅಲ್ವಾ? ಒಂದು ಬದಿ ಮಾಸಿದರೆ ಇನ್ನೊಂದು ಕಾಯುತ್ತಿರುತ್ತದೆ.

ಬಿಚ್ಚಿದರೆ ಸಿಗುವುದು ಹೆಚ್ಚುಕಡಿಮೆ ಇಷ್ಟು: ಮೂರು ಮೀಟರಿಗೆ ಮೇಲ್ಪಟ್ಟ ಎರಡು ಪಟ್ಟಿ, ನಡುವೆ ಕತ್ತಿನ ಸೀಳಿನ ಜೊತೆ. ಒಂದೊಂದು ಮೀಟರಿನ ಎರಡು ತೋಳು. ಉಳಿದದ್ದು ಅರ್ಧ ಅಗಲದ ಪಟ್ಟಿಗಳು. ಹಳೆ ಕಿಮೊನೊಗಳ ಅಳತೆ ಕುಜಿರಾಜಾಕು ಲೆಕ್ಕದಲ್ಲಿ ಬರುತ್ತದೆ, ಅದರಲ್ಲಿ ಒಂದು ಶಾಕು ಅಂದರೆ ಸುಮಾರು 37.9 ಸೆಂಟಿಮೀಟರ್. ಮಾರುವವರು ತೋಳು ಒಂದು ಶಾಕು ಮೂರು ಸುನ್ ಅಂದರೆ ಸುಮಾರು 49 ಸೆಂಟಿಮೀಟರ್ ಅಂತ ತಿಳಿಯಿರಿ. ಹತ್ತು ಸುನ್ ಸೇರಿದರೆ ಒಂದು ಶಾಕು.

ಒಗೆಯುವುದು

ಮೊದಲು ಮೂಲೆಯಲ್ಲಿ ಪರೀಕ್ಷೆ. ಬಿಳಿ ಬಟ್ಟೆ ಒದ್ದೆ ಮಾಡಿ, ಕಿಮೊನೊ ತುಂಡಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಇಳಿದರೆ ಒಗೆಯಬೇಡಿ. ಇಳಿಯದಿದ್ದರೂ ಮೊದಲು ಕಾಲರಿನ ಸಣ್ಣ ತುಂಡು ಮಾತ್ರ ಒಗೆದು, ಒಣಗಿಸಿ, ಅಳೆದು ನೋಡಿ.

ಈ ಅಳತೆಯನ್ನು ನಾನು ಒಮ್ಮೆ ಬಿಟ್ಟೆ. ಚಿರಿಮೆನ್ ಅಂತ ಇನ್ನೊಂದು ನೇಯ್ಗೆ ಇದೆ, ಕ್ಯೋಟೋದ ಉತ್ತರದ ತಾಂಗೋ ಸೀಮೆಯದು. ಅಲ್ಲಿ 1720ರಿಂದ ನೇಯುತ್ತಿದ್ದಾರೆ. ಹೊಕ್ಕಿನ ನೂಲಿಗೆ ಬಲವಾಗಿ ಹುರಿ ಹಾಕಿರುವುದರಿಂದ ಮೇಲೆ ಮರಳಿನಂಥ ಸುಕ್ಕು ಬರುತ್ತದೆ. ತಿಳಿ ನೇರಳೆಯ ಒಂದು ಚಿರಿಮೆನ್ ಪಟ್ಟಿಯನ್ನು ನೇರವಾಗಿ ನೀರಿಗೆ ಇಳಿಸಿಬಿಟ್ಟೆ. ಹುರಿ ಹಾಕಿದ ನೂಲು ನೀರು ಕುಡಿದು ಮುದುಡಿಕೊಂಡಿತು. 36 ಸೆಂಟಿಮೀಟರ್ ಅಗಲದ ಬಟ್ಟೆ ನನ್ನ ಕಣ್ಣೆದುರೇ 27ಕ್ಕೆ ಇಳಿಯಿತು. ಇಸ್ತ್ರಿ ಹಾಕಿ ಎಳೆದರೂ ಮೊದಲಿನಂತೆ ಆಗಲಿಲ್ಲ. ಚಿರಿಮೆನ್ ಇದ್ದರೆ ಅರಾಯ್‌ಹಾರಿ ಮಾಡುವವರಿಗೇ ಕೊಡಿ, ಅವರು ಹಬೆಯಲ್ಲಿ ಅಗಲ ಮತ್ತೆ ತರಬಲ್ಲರು.

ಓಶಿಮಾ, ಯೂಕಿ, ಇಂಥ ಸಾದಾ ನೇಯ್ಗೆಗೆ ಮನೆಯಲ್ಲೇ ಆಗುತ್ತದೆ. ಒಂದು ಟಬ್ಬಿನಲ್ಲಿ ಉಗುರುಬೆಚ್ಚಗೂ ಕಡಿಮೆ ಬಿಸಿಯ ನೀರು, 30 ಡಿಗ್ರಿ ದಾಟದಂತೆ. ರೇಷ್ಮೆಗೆ ಅಂತ ಮಾರುವ ಸೌಮ್ಯ ದ್ರವ ಸೋಪು ಸ್ವಲ್ಪ. ಪಟ್ಟಿಯನ್ನು ಅಕಾರ್ಡಿಯನ್ ಥರ ಮಡಚಿ ಮುಳುಗಿಸಿ ಅಂಗೈಯಿಂದ ಒತ್ತಿ. ಉಜ್ಜಬೇಡಿ, ಹಿಂಡಬೇಡಿ. ಒದ್ದೆ ರೇಷ್ಮೆಯನ್ನು ಉಜ್ಜಿದರೆ ಬಿಳಿಚಿಕೊಂಡು ಸವೆದ ಗುರುತು ಬೀಳುತ್ತದೆ, ಅದು ಹೋಗುವುದೇ ಇಲ್ಲ. ಮೊದಲ ನೀರು ಚಹಾದ ಹಾಗೆ ಆಗುತ್ತದೆ. ನಾಲ್ಕೈದು ಸಲ ನೀರು ಬದಲಿಸಿ. ಟವೆಲ್ಲಿನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಹರಡಿ. ಪೂರ್ತಿ ಒಣಗುವ ಮೊದಲೇ ಹಿಂಬದಿಯಿಂದ, ಮೇಲೆ ತೆಳು ಬಟ್ಟೆ ಹಾಸಿ, ಮಧ್ಯಮ ಬಿಸಿಯಲ್ಲಿ ಇಸ್ತ್ರಿ ಮಾಡಿ. ಯಾವಾಗಲೂ ಹಾಸಿನ ಉದ್ದಕ್ಕೇ. ಓರೆಯಾಗಿ ಎಳೆದರೆ ಬಟ್ಟೆ ಸೊಟ್ಟಗಾಗುತ್ತದೆ.

ಹೊಲಿಯುವಾಗ, ಇಡುವಾಗ

ಹೊಲಿಯುವುದು ನಿಮ್ಮಿಷ್ಟ, ಎರಡೇ ಮಾತು. ಮೈಗೆ ಬಿಗಿಯಾದದ್ದು ಹೊಲಿಯಬೇಡಿ, ಹಳೆ ರೇಷ್ಮೆ ಹೊಲಿಗೆಯ ಪಕ್ಕದಲ್ಲೇ ಜರುಗುತ್ತದೆ. ಅಂಚಿನಲ್ಲಿ ಒಂದೂವರೆ ಸೆಂಟಿಮೀಟರ್ ಬಿಡಿ, ಮೆಷಿನ್ನಿಗೆ 9ನೇ ನಂಬರಿನ ಸಣ್ಣ ಸೂಜಿ ಹಾಕಿ.

ಇಡುವಾಗ ಪ್ಲಾಸ್ಟಿಕ್ ಬೇಡ. ಕಾಗದದ ಕೊಳವೆಗೆ ಸುತ್ತಿ, ಹಳೆ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ನುಸಿಗುಳಿಗೆ ಹಾಕುವುದಾದರೆ ಒಂದೇ ಬಗೆಯದು ಹಾಕಿ. ಕರ್ಪೂರದ ಗುಳಿಗೆಯನ್ನೂ ಬೇರೆ ರಾಸಾಯನಿಕದ ಗುಳಿಗೆಯನ್ನೂ ಒಟ್ಟಿಗೆ ಇಟ್ಟರೆ ಕರಗಿ ಬಟ್ಟೆಗೆ ಕಲೆ ಹಿಡಿಸುತ್ತವೆ. ಬೆಳ್ಳಿ ನೂಲಿನ ಬಟ್ಟೆಯ ಹತ್ತಿರ ರಬ್ಬರ್ ಬ್ಯಾಂಡ್ ಇಡಬೇಡಿ, ಕಪ್ಪಾಗುತ್ತದೆ. ಜನವರಿ, ಫೆಬ್ರವರಿಯ ಒಣ ದಿನಗಳಲ್ಲಿ ಒಮ್ಮೆ ಎಲ್ಲವನ್ನೂ ಹೊರಗೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ. ಶೋಶಿ ಚೀಟಿ ಇದ್ದರೆ ಅದೇ ಸುರುಳಿಯ ಒಳಗೆ ಸೇರಿಸಿ. ಚೀಟಿ ಇಲ್ಲದಿದ್ದರೆ ಎಲ್ಲಿ ಸಿಕ್ಕಿತು, ಯಾವ ದಿನ, ಏನು ಕಂಡಿತು ಅಂತ ನೀವೇ ಒಂದು ಕಾಗದದಲ್ಲಿ ಬರೆದಿಡಿ. ನಾನು ಹಾಗೇ ಮಾಡುತ್ತೇನೆ.

ಕಳೆದ 25ಕ್ಕೆ ಕಿತಾನೋದಲ್ಲಿ 1,000 ಯೆನ್ ರಾಶಿಯ ಅಡಿಯಿಂದ ಒಂದು ಬೂದು ತ್ಸುಮುಗಿ ಸಿಕ್ಕಿದೆ. ಎಳೆ ಎಲ್ಲೆಲ್ಲೂ ಗಂಟು ಗಂಟು, ಕೈಯಲ್ಲಿ ನೂತದ್ದೇ. ಲೈನಿಂಗ್ ಕೆಂಪು. ಈಗ ಕಿಟಕಿಯ ಹತ್ತಿರ ಗಾಳಿಗೆ ತೂಗಿಹಾಕಿದ್ದೇನೆ, ಗುಳಿಗೆಯ ವಾಸನೆ ಹೋಗಲು ಇನ್ನೂ ಎರಡು ದಿನ ಬೇಕು. ಆಮೇಲೆ ಕಾಲರಿನಿಂದ ಶುರು ಮಾಡುತ್ತೇನೆ.